ಎಣ್ಣೆಯ ಸೀಸೆಯೂ ಕಾವ್ಯದ ಮುಡಿಯೂ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಅಕ್ಕನ ಮಗಳು ಒಂದು ಸೀಸೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಮಾಮ, ಎಲ್ಲರ ಪುಸ್ತಕಕ್ಕೂ ವಿಮರ್ಶೆ ಬರೆಯುತ್ತೀರಲ್ಲ, ಇದಕ್ಕೊಂದು ಬರೆಯಿರಿ ನೋಡೋಣ" ಎಂದಳು. ಅದು ತಲೆಗೂ ಮೈಗೂ ಹಚ್ಚಿಕೊಳ್ಳುವ ಒಂದು ದ್ರವದ ಸೀಸೆ. ಅದರ ಬೆನ್ನ ಮೇಲೆ ನಾಲ್ಕೈದು ಭಾಷೆಗಳಲ್ಲಿ ಬರಹವಿತ್ತು; ಕನ್ನಡವೂ ಇತ್ತು. ಹುಡುಗಿ ಧಾರವಾಡದಲ್ಲಿ ಓದುತ್ತಿದ್ದಾಳೆ. ನಡುವಿನಿಂದ ಕೆಳಗಿಳಿಯುವ ಕೂದಲು. ಮೇಲೆಲ್ಲ ಕಪ್ಪು, ತುದಿಯಲ್ಲಿ ತೆಂಗಿನ ನಾರಿನ ಬಣ್ಣ. ಚಳಿಗಾಲದಲ್ಲಿ ಅವಳ ಕೈಯ ಹೊರಮೈ ಬಿರಿಯುತ್ತದೆ. ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ಮನೆಗೆ ಬಂದ ನೆಂಟರೆಲ್ಲ "ಇಂಥ ಕೂದಲನ್ನು ಹೀಗೆ ಹಾಳುಮಾಡಿಕೊಂಡೆಯಲ್ಲೇ" ಎನ್ನುತ್ತಾರೆ. ಸೀಸೆಯೂ ಅದನ್ನೇ, ಇನ್ನಷ್ಟು ನಯವಾದ ದನಿಯಲ್ಲಿ, ಹೇಳುತ್ತಿತ್ತು. ಇದೆಲ್ಲ ಸಾಕಾಗಿ ಅವಳು ಕೂದಲನ್ನು ಹೆಗಲಿನವರೆಗೆ ಕತ್ತರಿಸಿಬಿಡುವ ಯೋಚನೆಯಲ್ಲಿದ್ದಳು.

ಅವಳು ತಮಾಷೆಗೆ ಹೇಳಿದಳು; ನಾನು ನಿಜವಾಗಿಯೇ ತೆಗೆದುಕೊಂಡೆ. ಏಕೆಂದರೆ ನಮ್ಮ ಪಟ್ಟಣಗಳಲ್ಲಿ ಇಂದು ದಿನವೂ ಕನ್ನಡವನ್ನು ಓದುವವರು ಕಾದಂಬರಿಗಿಂತ ಹೆಚ್ಚಾಗಿ ಓದುವುದು ಇಂಥ ಸೀಸೆಗಳ ಬೆನ್ನನ್ನು. ಅಲ್ಲಿಯ ಗದ್ಯವನ್ನು ವಿಮರ್ಶಕರು ಯಾರೂ ಕೇಳುವುದಿಲ್ಲ.

ಈ ಸೀಸೆಯ ಗದ್ಯದಲ್ಲಿ ಮೂರು ಕ್ರಿಯಾಪದಗಳಿದ್ದವು. ಆ ದ್ರವವು ಒಣ ಕೂದಲನ್ನು ಆಳವಾಗಿ "ತೇವಾಂಶಗೊಳಿಸುತ್ತದೆ", ಬುಡದಿಂದ ತುದಿಯವರೆಗೆ "ಪೋಷಿಸುತ್ತದೆ", ಕೊನೆಗೆ "ಪುನಶ್ಚೇತನಗೊಳಿಸುತ್ತದೆ". ಮೊದಲನೆಯ ಪದವನ್ನೇ ನೋಡಿ. ತೇವಾಂಶವೆಂಬುದು ಹವಾಮಾನ ವರದಿಯ ಮಾತು. ಅಡಿಕೆ ಮಂಡಿಯ ಮಾತು. ರಾಶಿಯಲ್ಲಿ ತೇವಾಂಶ ಹೆಚ್ಚಿದರೆ ಬೆಲೆ ಇಳಿಯುತ್ತದೆಂದು ರೈತನಿಗೆ ಗೊತ್ತು. ಅಂಥ ಮಾತಿಗೆ "ಗೊಳಿಸು" ಎಂಬ ಬಾಲವನ್ನು ಕಟ್ಟಿ ಹೆಣ್ಣುಮಗಳ ತಲೆಯ ಮೇಲೆ ಕೂರಿಸಿದ್ದಾರೆ. ಎರಡನೆಯ ಪದ ಇನ್ನೂ ಸೋಜಿಗದ್ದು. ಪೋಷಣೆ ಜೀವವಿರುವುದಕ್ಕೆ ಸಲ್ಲುವಂಥದು. ನೆತ್ತಿಯ ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ರಕ್ತವಿಲ್ಲ, ನರವಿಲ್ಲ, ಹಸಿವೂ ಇಲ್ಲ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್ ಎಂಬ ವಸ್ತುವಿನಿಂದಲೇ ಅದೂ ಆಗಿದೆ. ಅದಕ್ಕೆ ಹೊರಗಿನಿಂದ ಊಟ ಬಡಿಸಲು ಬರುವುದಿಲ್ಲ. ಸತ್ತದ್ದನ್ನು ಪುನಶ್ಚೇತನಗೊಳಿಸುವ ಮೂರನೆಯ ಪದದ ಬಗ್ಗೆ ನಾನು ಏನು ಹೇಳಲಿ? ಅದು ಸಂಜೀವಿನಿ ಪರ್ವತದ ಪ್ರಕರಣಕ್ಕೆ ಸೇರಿದ್ದು.

ಹೀಗೆ ಅನುವಾದ ಕೆಡುವುದಕ್ಕೆ ಕನ್ನಡದಲ್ಲಿ ಪದವಿಲ್ಲದ್ದು ಕಾರಣವಲ್ಲ. ಪದ ಇದೆ: ಪಸೆ. ಭಯವಾದಾಗ ನಾಲಗೆಯ ಪಸೆ ಆರುತ್ತದೆ. ಮಳೆ ನಿಂತು ವಾರವಾದ ಮೇಲೂ ಹೊಲದಲ್ಲಿ ಪಸೆ ಉಳಿದಿರುತ್ತದೆ. ಕೈಯಲ್ಲಿ ಕಾಸಿಲ್ಲದವನನ್ನೂ ಹುರುಳಿಲ್ಲದ ಬರಹವನ್ನೂ ಪಸೆಯಿಲ್ಲದ್ದು ಎಂದೇ ಕರೆಯುತ್ತೇವೆ. ಪಸೆಯೆಂದರೆ ಒದ್ದೆಯಲ್ಲ, ಒಳಗೆ ಉಳಿದುಕೊಂಡಿರುವ ತೇವ. ಜಿಡ್ಡೆಂಬುದು ಬೇರೆ ಮಾತು, ಬೇರೆ ವಸ್ತು. ಸಂಸ್ಕೃತದ "ಸ್ನಿಗ್ಧ" ಎಂಬ ಸುಂದರವಾದ ಪದ ಈ ಎರಡನ್ನೂ ಒಂದೇ ಬಟ್ಟಲಲ್ಲಿ ಕಲಸಿಬಿಡುತ್ತದೆ. ಎಣ್ಣೆಗೂ ಒಲವಿಗೂ ಅಲ್ಲಿ ಸ್ನೇಹವೆಂಬ ಒಂದೇ ಹೆಸರು. ಒಣಗಿದ್ದಕ್ಕೂ ಕಟುವಾದದ್ದಕ್ಕೂ ರೂಕ್ಷವೆಂಬ ಒಂದೇ ಹೆಸರು. ಕವಿಗಳಿಗೆ ಇದರಿಂದ ಶ್ಲೇಷೆಯ ಹಬ್ಬವಾಯಿತು. ಆದರೆ ಚರ್ಮ ಒಡೆದವರಿಗೆ ಬೇಕಾದ ತಿಳಿವು ಕನ್ನಡದ ಜೋಡಿಯಲ್ಲಿದೆ: ಪಸೆ ನೀರಿನದು, ಜಿಡ್ಡು ಎಣ್ಣೆಯದು, ಒಂದು ಇನ್ನೊಂದಾಗುವುದಿಲ್ಲ. (ಎಣ್ಣೆ ಎಂಬ ಮಾತಿನಲ್ಲಿ ಎಳ್ಳು ಕುಳಿತಿದೆಯೆಂಬುದನ್ನು ನಾವು ಮರೆತಿದ್ದೇವೆ. ಎಳ್ ಮತ್ತು ನೆಯ್ ಕೂಡಿ ಎಣ್ಣೆ. ಬೆಳ್ ಮತ್ತು ನೆಯ್ ಕೂಡಿ ಬೆಣ್ಣೆ. ಹಾಗಾದರೆ ಕೊಬ್ಬರಿ ಎಣ್ಣೆ ಎಂದರೇನರ್ಥ ಎಂದು ಕೇಳಬೇಡಿ. ಬಳಕೆಯೇ ಭಾಷೆಯ ದೊರೆ.)

ಎಣ್ಣೆಗೂ ನೀರಿಗೂ ಇರುವ ಈ ಸಂಬಂಧವನ್ನು ನಮ್ಮ ಸಾಹಿತ್ಯದಲ್ಲಿ ಯಾರಾದರೂ ಸರಿಯಾಗಿ ಕಂಡಿದ್ದಾರೆಯೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಕನ್ನಡದ ಕೃತಿಯಲ್ಲ, ಬಂಗಾಳಿಯ ಒಂದು ಸಣ್ಣ ಕಥೆ. ಅದು ಹುಟ್ಟಿದ ಸಂದರ್ಭವೇ ಒಂದು ಕಥೆ. ಕಲ್ಕತ್ತೆಯಲ್ಲಿ ಹೇಮೇಂದ್ರಮೋಹನ ಬೋಸ್ ಎಂಬ ಉದ್ಯಮಿಯಿದ್ದರು. ರವೀಂದ್ರನಾಥ ಠಾಕೂರರ ದನಿಯನ್ನು ಮೊದಮೊದಲು ಧ್ವನಿಮುದ್ರಿಸಿಕೊಂಡವರಲ್ಲಿ ಒಬ್ಬರು. ಅವರು "ಕುಂತಲೀನ್" ಎಂಬ ಕೇಶತೈಲವನ್ನೂ "ದೇಲಖೋಶ್" ಎಂಬ ಸುಗಂಧವನ್ನೂ ಮಾರುತ್ತಿದ್ದರು. ೧೮೯೬ರಲ್ಲಿ ಅವರು ಸಣ್ಣಕಥೆಗೆ ಬಹುಮಾನವನ್ನು ಸಾರಿದರು. ಕಥೆಯಲ್ಲಿ ಈ ಎರಡು ಸರಕುಗಳ ಹೆಸರು ಬರಬೇಕು, ಆದರೆ ಕಥೆಯ ಸೊಗಸು ಕೆಡಬಾರದು, ಜಾಹೀರಾತಿನಂತೆ ಕಾಣಬಾರದು ಎಂಬುದು ಕರಾರು. ಲೇಖಕನ ಆತ್ಮಸಾಕ್ಷಿಗೆ ಇದಕ್ಕಿಂತ ನಯವಾದ ಉರುಳನ್ನು ಹೆಣೆಯುವುದು ಕಷ್ಟ. ಕೆಲವು ವರ್ಷಗಳ ಅನಂತರ ಶರಚ್ಚಂದ್ರ ಚಟ್ಟೋಪಾಧ್ಯಾಯರ ಮೊದಲ ಅಚ್ಚಾದ ಕಥೆ "ಮಂದಿರ" ಬಂದದ್ದೂ ಇದೇ ಬಹುಮಾನದ ಮೂಲಕ. ಅದನ್ನು ಅವರು ತಮ್ಮ ಸೋದರಮಾವನೊಬ್ಬನ ಹೆಸರಿನಲ್ಲಿ ಕಳಿಸಿದ್ದರು.

ಮೊದಲ ವರ್ಷದ ಬಹುಮಾನ "ನಿರುದ್ದೇಶೇರ ಕಾಹಿನಿ" ಎಂಬ ಕಥೆಗೆ ಹೋಯಿತು. ಬರೆದವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಜಗದೀಶಚಂದ್ರ ಬೋಸರು. ಕಲ್ಕತ್ತೆಗೆ ದೊಡ್ಡ ಚಂಡಮಾರುತ ಅಪ್ಪಳಿಸಲಿದೆಯೆಂದು ಹವಾಮಾನದ ಪಂಡಿತರು ಮುನ್ಸೂಚನೆ ಕೊಡುತ್ತಾರೆ. ಊರೆಲ್ಲ ಕಾದು ಕುಳಿತಿರುತ್ತದೆ. ಚಂಡಮಾರುತ ಮಾತ್ರ ಬರುವುದೇ ಇಲ್ಲ. ಅದು ಎಲ್ಲಿ ಮಾಯವಾಯಿತೆಂದು ವಿದ್ವಾಂಸರು ಪತ್ರಿಕೆಗಳಲ್ಲಿ ಜಗಳವಾಡುತ್ತಾರೆ. ನಿಜಸಂಗತಿ ಗೊತ್ತಿರುವುದು ಕಥೆ ಹೇಳುವವನೊಬ್ಬನಿಗೆ. ಆತ ಜ್ವರದಲ್ಲಿ ಬಿದ್ದೆದ್ದು ಕೂದಲನ್ನೆಲ್ಲ ಕಳೆದುಕೊಂಡವನು. ಅವನ ಎಂಟು ವರ್ಷದ ಮಗಳು ದ್ವೀಪವೆಂದರೇನೆಂದು ಕೇಳಿ, ಅಪ್ಪ ಬಾಯಿ ತೆರೆಯುವ ಮೊದಲೇ ಅವನ ಬೋಳುತಲೆಯಲ್ಲಿ ಅಲ್ಲಲ್ಲಿ ಉಳಿದ ಕೂದಲಿನ ಕುಚ್ಚುಗಳನ್ನು ತೋರಿಸಿ ತಾನೇ ಉತ್ತರ ಹೇಳುತ್ತಾಳೆ. ಆರೋಗ್ಯಕ್ಕಾಗಿ ಅವನು ಹಡಗು ಹತ್ತಿದಾಗ ಮಗಳು ಚೀಲದಲ್ಲಿ ಒಂದು ಸೀಸೆ ಎಣ್ಣೆಯಿಟ್ಟಿರುತ್ತಾಳೆ; ಇಲ್ಲದಿದ್ದರೆ ಉಪ್ಪುನೀರು ತಾಗಿ ಆ ದ್ವೀಪಗಳೂ ಮುಳುಗಿಹೋದಾವೆಂಬ ಕಾಳಜಿ ಅವಳದು. ನಡುಗಡಲಲ್ಲಿ ಬಿರುಗಾಳಿ ಎದ್ದು ಹಡಗು ಮುಳುಗುವ ಹೊತ್ತಿಗೆ, ಎಣ್ಣೆ ಅಲೆಗಳನ್ನು ತಣಿಸುತ್ತದೆಂದು ಎಲ್ಲೋ ಓದಿದ್ದು ಅವನಿಗೆ ನೆನಪಾಗುತ್ತದೆ. ಸೀಸೆಯನ್ನು ಕಡಲಿಗೆ ಸುರಿಯುತ್ತಾನೆ. ಕಡಲು ಶಾಂತವಾಗುತ್ತದೆ, ಕಲ್ಕತ್ತೆ ಉಳಿಯುತ್ತದೆ.

ಈ ಕಥೆಯನ್ನು ಭಾರತದ ವೈಜ್ಞಾನಿಕ ಕಥೆಗಳ ಮೊದಲ ಫಸಲಿನಲ್ಲಿ ಎಣಿಸುತ್ತಾರೆ. ಆ ಮಾನ ಅದಕ್ಕೆ ಸಲ್ಲಲಿ. ನನಗೆ ಹಿಡಿಸಿದ್ದು ಬೇರೆ ಸಂಗತಿ. ಇಡೀ ಕಥೆಯಲ್ಲಿ ಒಂದು ತೊಟ್ಟು ಎಣ್ಣೆಯೂ ತಲೆಗೆ ಬೀಳುವುದಿಲ್ಲ! ಎಣ್ಣೆಯ ವ್ಯಾಪಾರಿಯ ಬಹುಮಾನವನ್ನು ಪಡೆದ ಕಥೆಯ ನಾಯಕ ಬೋಳನಾಗಿಯೇ ಹೊರಟು ಬೋಳನಾಗಿಯೇ ಉಳಿಯುತ್ತಾನೆ. ಕರಾರಿನ ಅಕ್ಷರವನ್ನು ಪಾಲಿಸಿ ಅದರ ಆಸೆಯನ್ನು ಬೋಸರು ಕಡಲಿಗೆ ಚೆಲ್ಲಿದರು. ೧೯೨೧ರಲ್ಲಿ ಅವರು ಈ ಕಥೆಯನ್ನು ತಿದ್ದಿ "ಪಲಾತಕ ತೂಫಾನ್" ಎಂಬ ಹೆಸರಿನಿಂದ ತಮ್ಮ "ಅವ್ಯಕ್ತ" ಎಂಬ ಪುಸ್ತಕದಲ್ಲಿ ಸೇರಿಸಿದಾಗ ಸರಕಿನ ಹೆಸರನ್ನೂ ಬದಲಿಸಿದರು. ಹರಟೆಯ ಭಾಗ ಕೆಲವು ಕಡೆ ಉದ್ದವಾಯಿತೆಂದು ನನಗೆ ತೋರುತ್ತದೆ; ಪಂಡಿತರ ಪತ್ರಜಗಳದ ವಿಡಂಬನೆಯೂ ಸ್ವಲ್ಪ ಸಲೀಸಾದದ್ದು. ಆದರೆ ಚೀಲದಲ್ಲಿ ಸೀಸೆಯಿಡುವ ಆ ಮಗುವಿನ ಚಿತ್ರ ಮಾತ್ರ ಅಪ್ಪಟ. ಕೂದಲಿನ ಆರೈಕೆಯೆಂಬುದು ಮೂಲದಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡುವ ಕೆಲಸವೆಂಬುದನ್ನು ಬೋಸರು ಎರಡು ಸಾಲಿನಲ್ಲಿ ಕಾಣಿಸಿದ್ದಾರೆ.

ಕಥೆಯ ವಿಜ್ಞಾನ ಪೂರ್ತಿ ಕಟ್ಟುಕಥೆಯಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಬಳಿ ಕ್ಲಾಪ್‌ಹ್ಯಾಮ್ ಬಯಲಿನ ಕೊಳದಲ್ಲಿ ಒಂದು ಚಹಾ ಚಮಚೆಯಷ್ಟು ಎಣ್ಣೆ ಸುರಿದು, ಅರ್ಧ ಎಕರೆಯಷ್ಟು ನೀರು ಕನ್ನಡಿಯಂತೆ ಸಮವಾದದ್ದನ್ನು ಕಂಡು, ೧೭೭೪ರಲ್ಲಿ ಅದನ್ನು ಅಚ್ಚು ಮಾಡಿಸಿದ್ದ. ಚಂಡಮಾರುತವನ್ನು ಎಣ್ಣೆ ನಿಲ್ಲಿಸಲಾರದು, ನಿಜ. ಆದರೆ ಅದು ನೀರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಹರಡುತ್ತದೆ. ಆಸ್ಟ್ರೇಲಿಯದ ಒಣ ಸೀಮೆಯಲ್ಲಿ ಕಳೆದ ಶತಮಾನದ ಐವತ್ತರ ದಶಕದಲ್ಲಿ ಜಲಾಶಯದ ನೀರು ಬಿಸಿಲಿಗೆ ಆರದಿರಲೆಂದು ಅದರ ಮೇಲೆ ಸೀಟೈಲ್ ಆಲ್ಕೊಹಾಲ್ ಎಂಬ ಮೇಣದಂಥ ವಸ್ತುವಿನ ಪೊರೆ ಹರಡಿ ನೋಡಿದರು. ನನ್ನ ಮೇಜಿನ ಮೇಲಿನ ಸೀಸೆಯನ್ನು ತಿರುಗಿಸಿ ಅತಿ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಅದೇ ಸೀಟೈಲ್ ಆಲ್ಕೊಹಾಲ್ ಅಲ್ಲಿಯೂ ಇತ್ತು. ಅಷ್ಟು ಪ್ರಾಮಾಣಿಕವಾದ ಮಾತು ಆ ಸೀಸೆಯ ಮೇಲೆ ಇನ್ನೊಂದಿರಲಿಲ್ಲ.

ಇಷ್ಟನ್ನು ತಿಳಿದ ಮೇಲೆ ನಮ್ಮ ಕಾವ್ಯಗಳ ಮುಡಿಯತ್ತ ಬರೋಣ. ನಮ್ಮ ಕವಿಗಳು ಕೂದಲನ್ನು ವರ್ಣಿಸಿದಷ್ಟು ಇನ್ನಾವ ಅಂಗವನ್ನಾದರೂ ವರ್ಣಿಸಿದ್ದಾರೋ ಇಲ್ಲವೋ. ದುಂಬಿ, ಮೋಡ, ಕತ್ತಲೆ, ನವಿಲಗರಿ, ಹಾವು: ಈ ಸಾಮಾನುಗಳ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿದೆ. ಇವೆಲ್ಲ ದೂರ ನಿಂತು ಕಂಡ ಗಂಡಸಿನ ಕಣ್ಣಿನ ಸಾಮಾನುಗಳು. ಸಿಕ್ಕು ಬಿಡಿಸುವವಳ ಬೆರಳಿಗೆ ತಾಗಿದ್ದು ಆ ಪಟ್ಟಿಯಲ್ಲಿಲ್ಲ. ಕಾಳಿದಾಸನೊಬ್ಬ ಇದಕ್ಕೆ ಹೊರತು. ಮೇಘದೂತದ ವಿರಹಿಣಿಯ ಮುಂಗುರುಳು ಒರಟಾಗಿರುವುದನ್ನು ಹೇಳುವಾಗ ಅವನು ದುಃಖದಿಂದ ಒರಟಾಯಿತೆಂದು ಹೇಳಿ ಬಿಡುವುದಿಲ್ಲ. ಎಣ್ಣೆಯಿಲ್ಲದೆ ಬರಿಯ ನೀರಿನಲ್ಲಿ ಮಿಂದದ್ದರಿಂದ ಒರಟಾಯಿತೆಂದು ಕಾರಣ ಕೊಡುತ್ತಾನೆ. ಇಂದಿನ ಪ್ರಯೋಗಶಾಲೆಯೂ ಅದನ್ನೇ ಹೇಳುತ್ತದೆ. ನೀರು ಕುಡಿದಾಗ ಕೂದಲು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಹೀಗೆ ಸಲಸಲವೂ ಆಗುತ್ತಿದ್ದರೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿರುವ ಅದರ ಹೊರಪದರ ಎದ್ದು ಒರಟಾಗುತ್ತದೆ. ಉಜ್ಜಯಿನಿಯ ಕವಿ ಇದನ್ನು ಯಾವ ದರ್ಶಕದಲ್ಲಿ ನೋಡಿದನೋ!

ಕನ್ನಡದಲ್ಲಿ ಮುಡಿಯೆಂದರೆ ದ್ರೌಪದಿಯ ಮುಡಿ. ರಾಜಸೂಯದ ಅವಭೃಥದಲ್ಲಿ ಮಂತ್ರದ ನೀರಿನಿಂದ ನೆನೆದ ಕೂದಲನ್ನು ದುಶ್ಶಾಸನ ಹಿಡಿದೆಳೆದನೆಂಬುದು ವ್ಯಾಸರ ಮಾತು. ಬಿಚ್ಚಿದ ಮುಡಿಯನ್ನು ಸೇಡು ತೀರುವವರೆಗೆ ಕಟ್ಟುವುದಿಲ್ಲವೆಂಬ ಪ್ರತಿಜ್ಞೆ ಮುಂದಿನವರು ಬೆಳೆಸಿದ್ದು; ಭಟ್ಟನಾರಾಯಣನ ವೇಣೀಸಂಹಾರ ಅದರ ಮೇಲೆಯೇ ನಿಂತಿದೆ. ಪಂಪ ತನ್ನ ೯೪೧ರ ವಿಕ್ರಮಾರ್ಜುನ ವಿಜಯದಲ್ಲಿ ಅದನ್ನು ತಂದು, ಭೀಮನ ಕೈಯಿಂದ ಮುಡಿ ಕಟ್ಟಿಸಿ, ಮಹಾಭಾರತಕ್ಕೆ ಆದಿ ಈ ಕೇಶಪಾಶವೇ ಎಂದು ಅವನ ಬಾಯಿಂದ ಹೇಳಿಸುತ್ತಾನೆ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ ಪಂಪನಿಗೆ, ಮುಡಿ ಕಟ್ಟುವ ಹಕ್ಕು ಭೀಮನಿಗೆ ಹೇಗೆ ಬಂತೆಂಬ ಪ್ರಶ್ನೆಯನ್ನು ಹಿಂದಿನ ವಿಮರ್ಶಕರು ಕೇಳಿದ್ದಾರೆ; ನಾನು ಆ ಜಗಳಕ್ಕೆ ಹೋಗುವುದಿಲ್ಲ. ರನ್ನನಲ್ಲಂತೂ ಯುದ್ಧದ ಕೊನೆಯ ದಿನದವರೆಗೆ ಈ ಮುಡಿಯ ಮಾತು ನಿಲ್ಲುವುದಿಲ್ಲ. ಉತ್ತರ ತಮಿಳುನಾಡಿನ ತೆರುಕ್ಕೂತ್ತು ಆಟಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸತ್ತವನ ರಕ್ತವೇ ಎಣ್ಣೆ, ಪಕ್ಕೆಲುಬೇ ಬಾಚಣಿಗೆ, ಕರುಳೇ ಹೂವಿನ ದಂಡೆಯಾಗುತ್ತವೆ. ಎಣ್ಣೆ, ಬಾಚಣಿಗೆ, ಹೂವು! ಶುಕ್ರವಾರದ ಸಂಜೆ ಜಗಲಿಯ ಮೇಲೆ ಮಗಳನ್ನು ಕೂರಿಸಿಕೊಂಡು ತಾಯಿ ಮಾಡುವ ಕೆಲಸದ ಕ್ರಮವೇ ಅದು. ನೋಡುವ ಹೆಂಗಸರಿಗೆ ಮೈ ನಡುಗುವುದು ರಕ್ತಕ್ಕಿಂತ ಹೆಚ್ಚಾಗಿ ಈ ಪರಿಚಯದಿಂದ ಎಂದು ನನ್ನ ಊಹೆ.

ಇಲ್ಲೊಂದು ಲೆಕ್ಕ. ತಲೆಗೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರ್ ಬೆಳೆಯುತ್ತದೆ. ಒಂದೊಂದು ಕೂದಲೂ ಸಾಮಾನ್ಯವಾಗಿ ೨ರಿಂದ ೭ ವರ್ಷ ಬೆಳೆದು, ಉದುರಿ, ಹೊಸತಕ್ಕೆ ಎಡೆ ಕೊಡುತ್ತದೆ. ಹದಿಮೂರು ವರ್ಷ ಕಳೆದು ಮುಡಿ ಕಟ್ಟುವ ಹೊತ್ತಿಗೆ ದುಶ್ಶಾಸನ ಹಿಡಿದ ಕೂದಲು ದ್ರೌಪದಿಯ ತಲೆಯಲ್ಲಿ ಒಂದೂ ಉಳಿದಿರಲಾರದು. ಈ ಲೆಕ್ಕವನ್ನು ಒಬ್ಬ ಹಿರಿಯ ಪಂಡಿತರ ಮುಂದಿಟ್ಟಾಗ ಅವರು ನಕ್ಕು, "ಅದಕ್ಕೇ ಕಣಯ್ಯಾ ಪ್ರತಿಜ್ಞೆ ಮಾಡಬೇಕಾದದ್ದು" ಎಂದರು.

ಆದರೆ ನನಗೆ ಮುಖ್ಯವಾಗಿ ಕಾಣುವುದು ಇದು: ನಮ್ಮ ಸಾಹಿತ್ಯದಲ್ಲಿ ಕೂದಲು ಒಣಗುವುದು ಬರಿಯ ಹವೆಯ ದೋಷದಿಂದಲ್ಲ. ಯಾರು ಜಿಡ್ಡಿನಿಂದ ಹೊಳೆಯಬಹುದು, ಯಾರು ಒಣಗಿರತಕ್ಕದ್ದು ಎಂಬುದಕ್ಕೆ ಶಾಸ್ತ್ರವಿತ್ತು. ಅಭ್ಯಂಜನವೂ ತಾಂಬೂಲವೂ ಸಂನ್ಯಾಸಿಗೆ ಇಲ್ಲ, ಬ್ರಹ್ಮಚಾರಿಗೆ ಇಲ್ಲ, ವಿಧವೆಗೆ ಇಲ್ಲ. ಮೊದಲಿನವರಿಬ್ಬರದು ವ್ರತ, ಮೂರನೆಯವಳದು ಶಿಕ್ಷೆ. ನಮ್ಮಲ್ಲಿ ಎಂ. ಕೆ. ಇಂದಿರಾ ಅವರ "ಫಣಿಯಮ್ಮ" (೧೯೭೬) ಇದನ್ನು ಯಾವ ಆರ್ಭಟವೂ ಇಲ್ಲದೆ ಹೇಳಿತು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡ ಹುಡುಗಿಯ ತಲೆಗೆ ಕತ್ತಿ ತಾಗುವ ಪ್ರಸಂಗವನ್ನು ಓದುವಾಗ, ಕೂದಲಿನೊಡನೆ ಹೋದದ್ದು ಅಂದ ಮಾತ್ರವಲ್ಲ, ಹಬ್ಬದ ದಿನ ಯಾರಾದರೂ ಬಂದು ತನ್ನ ನೆತ್ತಿ ಮುಟ್ಟಿ ಎಣ್ಣೆಯೊತ್ತುವ ಹಕ್ಕೂ ಹೋಯಿತೆಂಬುದು ತಿಳಿಯುತ್ತದೆ. ನಮ್ಮ ಹೆಂಗಸರು ನರಕ ಚತುರ್ದಶಿಯಂದು ಎಣ್ಣೆಯೊತ್ತುವಾಗ ಹಾಡುವ ಹಾಡುಗಳಿವೆ. ಆ ಹಾಡು ನಡೆಯುವಾಗ ಮಡಿ ಹೆಂಗಸರು ಅಡಿಗೆಮನೆಯಲ್ಲಿರುತ್ತಿದ್ದರು. ಇಂದಿರಾ ಅವರ ಭಾಷೆ ಕೆಲವು ಕಡೆ ಹರಟೆಗೆ ಜಾರುತ್ತದೆಂದು ಆಕ್ಷೇಪಿಸುವವರಿದ್ದಾರೆ. ಇರಬಹುದು. ಅಡಿಗೆಮನೆಯಿಂದ ಆ ಹಾಡು ಹೇಗೆ ಕೇಳಿಸುತ್ತಿತ್ತೆಂದು ಬಲ್ಲ ಭಾಷೆ ಅದು.

ಅಕ್ಕಮಹಾದೇವಿಯ ವಿಷಯ ಬೇರೆ. ಆಕೆ ಒಣಗುವುದನ್ನು ತಾನೇ ಆರಿಸಿಕೊಂಡವಳು. ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆಂದು ಅಲ್ಲಮ ಕೆಣಕಿದ್ದೂ ಅದಕ್ಕೆ ಅಕ್ಕ ಕೊಟ್ಟ ಉತ್ತರವೂ ಶೂನ್ಯಸಂಪಾದನೆಯ ಓದುಗರಿಗೆ ಗೊತ್ತೇ ಇದೆ. ನನ್ನ ಆಕ್ಷೇಪ ನಮ್ಮ ಕ್ಯಾಲೆಂಡರಿನ ಚಿತ್ರಕಾರರ ಮೇಲೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಬಿಸಿಲು ಮಳೆಗಳಲ್ಲಿ ನಡೆದವಳ ಕೂದಲು ಹಿಮ್ಮಡಿಯವರೆಗೆ ಒಂದು ಎಳೆಯೂ ಸಿಕ್ಕಾಗದೆ ಹೊಳೆಯುತ್ತದೆ! ಬಾಚಣಿಗೆಯನ್ನೂ ಎಣ್ಣೆಯನ್ನೂ ತೊರೆದದ್ದೇ ಆಕೆಯ ಹಿರಿಮೆಯ ಒಂದು ಭಾಗವಾಗಿರುವಾಗ, ಚಿತ್ರಕಾರ ಕದ್ದು ಹೋಗಿ ಬಾಚಿ ಬಂದಿದ್ದಾನೆ. ಅದೇ ತಲೆಯನ್ನು ಈಗಿನ ಜಾಹೀರಾತಿನಲ್ಲಿ ಇಟ್ಟರೂ ಯಾರಿಗೂ ವ್ಯತ್ಯಾಸ ತಿಳಿಯದು.

ಆರೈಕೆಯನ್ನು ನೇರವಾಗಿ ಕುರಿತ ಕೃತಿಗಳೂ ನಮ್ಮಲ್ಲಿದ್ದವು. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ ೧೦೨೫ರ ಸುಮಾರಿಗೆ ಬರೆದ "ಲೋಕೋಪಕಾರ" ಬಾವಿ, ಮಳೆ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧ ತಯಾರಿಯನ್ನೂ ಕನ್ನಡ ಪದ್ಯದಲ್ಲಿ ಹೇಳುತ್ತದೆ. ಅದೇ ವಂಶದ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತದ "ಮಾನಸೋಲ್ಲಾಸ"ದಲ್ಲಿ ಅರಸನ ಎಣ್ಣೆಸ್ನಾನಕ್ಕೆ ಬೇರೆ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅರಸನಿಗೆ ಎಣ್ಣೆಯೊತ್ತುವವರು ಬೇಕಾದಷ್ಟು ಜನ. ಧಾರವಾಡದ ವಿದ್ಯಾರ್ಥಿನಿಲಯದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒಂದು ಬಕೆಟ್ಟು ಬಿಸಿನೀರಿಗೆ ಸಾಲುನಿಂತ ಹುಡುಗಿಗೆ ಅದರಿಂದ ಆಗುವ ಲಾಭ ಕಡಮೆ.

ಹಾಗಾದರೆ ಅವಳಿಗೆ ನಾನು ಏನು ಹೇಳಿದೆ? ವಿಮರ್ಶಕನಿಗೆ ವೈದ್ಯನ ಅಧಿಕಾರವಿಲ್ಲ. ಆದರೂ ಓದಿದ್ದನ್ನು ಒರೆಗೆ ಹಚ್ಚುವ ಅಭ್ಯಾಸವಿದೆಯಲ್ಲ, ಅದರಂತೆ ಹೇಳಿದೆ. ಅವಳ ಕೂದಲಿನ ತುದಿ ಅವಳು ಹೈಸ್ಕೂಲಿನಲ್ಲಿದ್ದಾಗ ಹುಟ್ಟಿದ್ದು. ಆರೇಳು ವರ್ಷಗಳ ಬಿಸಿಲು, ಬಾಚಣಿಗೆ, ದಿಂಬುಗಳನ್ನು ಕಂಡದ್ದು. ನೆತ್ತಿಯಲ್ಲಿ ಒಸರುವ ಜಿಡ್ಡು ಅಷ್ಟು ದೂರ ಇಳಿಯುವುದೇ ಇಲ್ಲ. ಆದ್ದರಿಂದ ಉದ್ದ ಕೂದಲು ತುದಿಯಲ್ಲಿ ಒಣಗುವುದು ಹುಡುಗಿಯ ಸೋಮಾರಿತನದ ಫಲವಲ್ಲ, ಉದ್ದದ ಫಲ. ಸೀಳಿದ ತುದಿಯನ್ನು ಯಾವ ಸೀಸೆಯೂ ಮತ್ತೆ ಬೆಸೆಯದು. ಅದಕ್ಕೆ ಕತ್ತರಿಯೇ ಮದ್ದು. ಸೀಳದೆ ಉಳಿದದ್ದನ್ನು ಕಾಯಬಹುದು. ಎಣ್ಣೆಗಳಲ್ಲಿ ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆಂದೂ, ತೊಳೆಯುವಾಗ ಅದರ ಸತ್ತ್ವ ಸೋರಿಹೋಗುವುದನ್ನು ಕಡಮೆ ಮಾಡುತ್ತದೆಂದೂ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಇಲ್ಲವೆಂದೂ ೨೦೦೩ರಲ್ಲಿ ಮುಂಬಯಿಯ ಸಂಶೋಧಕರಿಬ್ಬರು ಪ್ರಕಟಿಸಿದರು. ಅವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆದರೂ ಅವರು ಕೊಟ್ಟ ಕಾರಣ ಒಪ್ಪುವಂತಿದೆ: ಆ ಎಣ್ಣೆಯ ಕಣ ಚಿಕ್ಕದು, ನೆಟ್ಟಗಿನದು, ಬಿರುಕಿನಲ್ಲಿ ನುಗ್ಗಬಲ್ಲದು. ಒಳಹೊಕ್ಕ ಎಣ್ಣೆ ಕೂದಲು ಅತಿಯಾಗಿ ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ. ಅಂದರೆ ಕೂದಲಿಗೆ ಎಣ್ಣೆ ನೀರಿಗಿಂತ ಮೊದಲು ಬೇಕು. ಅಭ್ಯಂಜನದ ಕ್ರಮ ಇಲ್ಲಿ ಸರಿಯಾಗಿಯೇ ಇದೆ.

ಚರ್ಮಕ್ಕೆ ಮಾತ್ರ ಕ್ರಮ ತಿರುವುಮುರುವು. ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಇಟ್ಟಿಗೆಗಳ ನಡುವಿನ ಗಾರೆ ಜಿಡ್ಡಿನದು. ಕುದಿನೀರೂ ಕ್ಷಾರದ ಸಾಬೂನೂ ಈ ಗಾರೆಯನ್ನು ತೊಳೆದುಹಾಕಿದರೆ ಒಳಗಿನ ಪಸೆ ಆರಿಹೋಗುತ್ತದೆ. ಒಣಗಿದ ಮೇಲೆ ಅದರ ಮೇಲೆ ಎಣ್ಣೆ ಬಳಿದರೆ ಬತ್ತಿದ ಕೆರೆಗೆ ಮುಚ್ಚಳ ಹಾಕಿದಂತೆ. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಇನ್ನೂ ಹಸಿಯಿರುವಾಗಲೇ ತೆಳುವಾಗಿ ಸವರಿಕೊಳ್ಳಬೇಕು. ಗ್ಲಿಸರಿನ್ ನೀರ ಹನಿಯನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಹಚ್ಚಿದ ಪೆಟ್ರೋಲಿಯಂ ಜೆಲ್ಲಿ ಅದನ್ನು ಹೊರಗೆ ಬಿಡುವುದಿಲ್ಲ. ಈ ಜೆಲ್ಲಿಗೆ ೧೮೭೨ರಷ್ಟು ಹಿಂದೆಯೇ ಪೇಟೆಂಟು ಆಯಿತು. ಇಂದಿಗೂ ಅದು ಅಗ್ಗ, ಪರಿಮಳವಿಲ್ಲದ್ದು, ಆದ್ದರಿಂದಲೇ ಅದಕ್ಕೆ ಕವಿಗಳಿಲ್ಲ. ಫ್ರಾಂಕ್ಲಿನ್ನನ ಚಮಚೆಯನ್ನು ನೆನೆದರೆ ಎಷ್ಟು ಹಚ್ಚಬೇಕೆಂಬುದಕ್ಕೂ ಉತ್ತರ ಸಿಗುತ್ತದೆ. ಮೈಯಿಂದ ತೊಟ್ಟಿಕ್ಕುವಷ್ಟು ಹಚ್ಚಿದರೆ ಹೆಚ್ಚು ಲಾಭ ಹಾಸಿಗೆಯ ಹೊದಿಕೆಗೆ.

ಸೀಗೆಪುಡಿಯ ಬಗ್ಗೆ ಅಕ್ಕ ನನ್ನನ್ನು ಕೇಳಿದಳು. ಸೀಗೆ ಸಾಬೂನಿನಂತೆ ಕ್ಷಾರವಲ್ಲ, ಅದು ಅದರ ದೊಡ್ಡ ಗುಣ. ಕಣ್ಣಿಗೆ ಬಿದ್ದರೆ ಮಾತ್ರ ದೇವರೇ ಗತಿ. ಮಲೆನಾಡಿನಲ್ಲಿ ದಾಸವಾಳದ ಸೊಪ್ಪನ್ನು ಕಿವುಚಿ ತೆಗೆಯುವ ಗೊಂಪಿನ ಮಾತೂ ಬಂತು. ಲೋಳೆಲೋಳೆಯಾದ ಅದು ಸಿಕ್ಕು ಬಿಡಿಸಲು ಅನುಕೂಲವೆಂದು ಅಕ್ಕನ ಅನುಭವ. ಇವನ್ನೆಲ್ಲ ಮಾಡಲು ಹೊತ್ತು ಬೇಕು, ಇನ್ನೊಂದು ಜೊತೆ ಕೈ ಬೇಕು. ಸೀಸೆ ಮಾರುವವರು ನಿಜವಾಗಿ ಮಾರುತ್ತಿರುವುದು ಆ ಇನ್ನೊಂದು ಜೊತೆ ಕೈಯಿಲ್ಲದವರಿಗೆ. ಆ ಅಗತ್ಯವನ್ನು ನಾನು ಹಗುರವಾಗಿ ಕಾಣಲಾರೆ. ಕೊಂಡ ಸೀಸೆ ಉಪಯೋಗವಿಲ್ಲವೆಂದೂ ಹೇಳಲಾರೆ. ಜಲಾಶಯದ ಮೇಲೆ ಹರಡಿದ ಪೊರೆ ಅದರಲ್ಲೂ ಇದೆ. ಹಣ ಕೊಟ್ಟವಳನ್ನು ಅಳುಕಿಸುವ ಆ ದನಿ, ಇಲ್ಲದ ಪೋಷಣೆಯ ಆ ಆಣೆ, ಇವಷ್ಟನ್ನೇ ಬೇಡವೆನ್ನುತ್ತೇನೆ.

ಸಂಜೆ ಅಕ್ಕ ಕತ್ತರಿ ತೆಗೆದುಕೊಂಡು ಮಗಳನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿದಳು. ಹೆಗಲಿನವರೆಗೆ ಎಂದದ್ದು ಕೊನೆಗೆ ನಾಲ್ಕು ಬೆರಳಿಗೆ ಇಳಿಯಿತು. ತೆಂಗಿನ ನಾರಿನ ಬಣ್ಣದ್ದು ಅಷ್ಟೂ ಹೋಯಿತು. ನಾನು ಒಳಗೆ ಕುಳಿತು, ಸೀಸೆಯ ಬರಹವನ್ನು ಕನ್ನಡಕ್ಕೆ ತಿರುಗಿಸಿ ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿದೆ: "ಮಿಂದ ಮೇಲೆ ಹಸಿ ಮೈಗೆ ತೆಳುವಾಗಿ ಹಚ್ಚಿ. ಪಸೆ ಆರದಂತೆ ಕೆಲವು ಗಂಟೆ ಕಾಯುತ್ತದೆ." ಹುಡುಗಿ ಓದಿ, "ಇದನ್ನು ನೋಡಿ ಯಾರು ಕೊಳ್ಳುತ್ತಾರೆ ಮಾಮ?" ಎಂದಳು. ಸೀಸೆಯನ್ನು ಮಾತ್ರ ಚೀಟಿಯ ಸಮೇತ ಧಾರವಾಡಕ್ಕೆ ಒಯ್ದಿದ್ದಾಳೆ.